ಕೋಟೆಯ ಫಿರಂಗಿಯವರ ಮೇಲೊಂದು ತಕರಾರು

ಪಿನಾಂಗ್ ದ್ವೀಪದ ಸಮುದ್ರದಂಡೆಯ ಕೋಟೆಯಲ್ಲಿ ಬಿಸಿಲು ಕಾಯುತ್ತ ಪವಡಿಸಿರುವ ಹಿರಿಯ ಫಿರಂಗಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಬಂದರಿನ ಬೀದಿಯ ಕಾಫಿ ಅಂಗಡಿಯ ಸಾ ಗೈಕ್ ಸಿಮ್ ಮಾಡುವ ನಮಸ್ಕಾರಗಳು. ಡಚ್ಚರು ತಮ್ಮನ್ನು ಎರಕ ಹೊಯ್ದರು, ಸುಲ್ತಾನರು ಕೈಯಿಂದ ಕೈಗೆ ದಾಟಿಸಿದರು, ಇಂಗ್ಲಿಷರು ಹೊತ್ತು ತಂದರು. ಇಷ್ಟೆಲ್ಲ ಕಂಡ ಮೇಲೂ ತಾವು ಬೇಸರಿಸದೆ, ತಮ್ಮ ಕೊಳವೆಯ ಬಾಯಲ್ಲಿ ಹೂವಿಟ್ಟು ಬೇಡಿದ ಹೆಂಗಸರಿಗೆ ಮಕ್ಕಳನ್ನು ಕರುಣಿಸುತ್ತೀರೆಂಬ ಖ್ಯಾತಿ ಕೇಳಿಯೇ ನಾನು ತಮ್ಮಲ್ಲಿಗೆ ಬಂದದ್ದು. ಗುಂಡು ಹಾರಿಸಬೇಕಾದವರು ತೊಟ್ಟಿಲು ತೂಗಿಸುವ ಕೆಲಸ ಹಿಡಿದದ್ದು ದೊಡ್ಡ ಗುಣವೇ ಸರಿ.

ನನ್ನ ಮಗಳು ಹುಯಿ ಯೆನ್‌ಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲ. ಅವಳನ್ನು ತಾವು ಬಲ್ಲಿರಿ. ಕೆಂಪು ಕೊಡೆ ಎತ್ತಿ ಹಿಡಿದು ಪ್ರವಾಸಿಗರನ್ನು ಇಗರ್ಜಿ, ಕರುಣಾದೇವಿಯ ಗುಡಿ, ಮಾರಿಯಮ್ಮನ ಗುಡಿ, ಮಸೀದಿ ಎಂದು ಸುತ್ತಿಸಿ, ಕೊನೆಗೆ ತಮ್ಮೆದುರು ನಿಲ್ಲಿಸಿ ತಮ್ಮ ಮಹಿಮೆಯನ್ನು ನಗುನಗುತ್ತ ಹೇಳುವವಳು. ಅವಳು ತೋರಿಸುವ ಜಾಗಗಳಲ್ಲೆಲ್ಲ ನಾನು ಗುಟ್ಟಾಗಿ ಹರಕೆ ಹೊತ್ತಾಗಿತ್ತು, ಉಳಿದವರು ತಾವೊಬ್ಬರೇ. ನೀನೇ ಹೋಗಿ ಹೂವಿಡು ಎಂದರೆ, "ದಿನಾ ಕಟ್ಟುಕಥೆ ಅಂತ ಹೇಳೋಳು ನಾನು. ನಾನೇ ಕೈಮುಗಿದ್ರೆ ಮರ್ಯಾದೆ ಉಳಿಯುತ್ತಾ ಅಮ್ಮಾ?" ಎಂದಳು. ಆದ್ದರಿಂದ ಅವಳ ಪರವಾಗಿ ನಾನೇ ಬಂದು ಹೂವಿಟ್ಟೆ. ಹೂ ಮಾರುವ ಪುಷ್ಪವಲ್ಲಿ, "ಬೇಕಾದವ್ರೇ ಇಡ್ಬೇಕಕ್ಕಾ. ಅದಕ್ಕೆ ಬಾಯೊಂದಿದೆ, ಕಣ್ಣೆಲ್ಲಿದೆ?" ಎಂದು ಎಚ್ಚರಿಸಿದ್ದಳು. ನಾನು ತಮ್ಮ ಅನುಭವದ ಮೇಲೆ ಭರವಸೆಯಿಟ್ಟೆ.

ತಾವು ಕೊಟ್ಟಿರಿ. ತಡಮಾಡದೆ, ಲಂಚ ಕೇಳದೆ, ನನಗೇ ಕೊಟ್ಟಿರಿ.

ಮಾನ್ಯರೇ, ನನಗೀಗ ನಲವತ್ತಾರು. ನಮ್ಮ ಯಜಮಾನರಂತೂ ಇದರಲ್ಲಿ ಫಿರಂಗಿಯ ಪಾಲು ಏನೇನೂ ಇಲ್ಲವೆಂದು ಎದೆಯುಬ್ಬಿಸಿ, ಕಾರಣ ಹೇಳದೆ ಗಿರಾಕಿಗಳಿಗೆ ಪುಕ್ಕಟೆ ಕಾಫಿ ಹಂಚುತ್ತಿದ್ದಾರೆ. ಮಗಳಿಗೆ ಹೇಗೆ ಹೇಳಲಿ ಎಂದು ನಾನು ಸಡಿಲ ಅಂಗಿಯೊಳಗೆ ದಿನ ದೂಡುತ್ತಿದ್ದೆ. ಕಳೆದ ಭಾನುವಾರ ಅವಳು ಊಟಕ್ಕೆ ಬಂದಿದ್ದಾಗ ಇವರು ದುರಿಯನ್ ಹಣ್ಣು ಸೀಳಿದರು, ನಾನು ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದೆ. ಈ ದ್ವೀಪದಲ್ಲಿ ಹುಟ್ಟಿ, ಆ ಹಣ್ಣಿನ ಘಾಟಿನಲ್ಲೇ ಬೆಳೆದು, ದುರಿಯನ್ ವಾಸನೆಗೆ ಓಡಿದವಳ ಗುಟ್ಟು ತಿಳಿಯಲು ವೈದ್ಯರು ಬೇಕಿಲ್ಲ. ಹುಯಿ ಯೆನ್ ಹಿಂದೆಯೇ ಬಂದು ಬೆನ್ನು ನೀವುತ್ತ, "ಎಷ್ಟು ತಿಂಗಳಮ್ಮಾ?" ಎಂದಳು. ಮೂರು ಎಂದೆ. ಬೆನ್ನ ಮೇಲಿನ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ನೀವತೊಡಗಿತು. ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದೆ, ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ಎರಡೂ ಮಾಡದೆ ಹೋದಳು, ಇನ್ನೂ ಮನೆಯ ಕಡೆ ಬಂದಿಲ್ಲ. ನನಗೆ ನಾಚಿಕೆಗಿಂತ ಸಂಕಟವೇ ಹೆಚ್ಚಾಗಿದೆ.

ಆದಕಾರಣ, ಈ ವರದ ತದ್ರೂಪು ಪ್ರತಿಯೊಂದನ್ನು ಕೂಡಲೇ ನನ್ನ ಮಗಳ ವಿಳಾಸಕ್ಕೆ ಕಳುಹಿಸಬೇಕೆಂದೂ, ಇನ್ನು ಮುಂದೆ ಅರ್ಜಿದಾರರ ವಯಸ್ಸು ವಿಚಾರಿಸಿಯೇ ಮಂಜೂರು ಮಾಡಬೇಕೆಂದೂ ವಿನಂತಿ. ಮೂಲ ಪ್ರತಿಯನ್ನು ಮಾತ್ರ ವಾಪಸು ಕೇಳಬೇಡಿ. ಅದರ ಮೇಲೆ ನನಗಾಗಲೇ ಆಸೆ ಹುಟ್ಟಿಬಿಟ್ಟಿದೆ.

ತಮ್ಮನ್ನು ಅಗತ್ಯಕ್ಕಿಂತ ಹೆಚ್ಚು ನಂಬಿದ,
ತಮ್ಮ ವಿಶ್ವಾಸಿ,
ಸಾ ಗೈಕ್ ಸಿಮ್

ಮರುಬರಹ: ಇದನ್ನು ಮಡಚುವಷ್ಟರಲ್ಲಿ ಹುಯಿ ಯೆನ್ ಫೋನ್ ಮಾಡಿದಳು. "ನಾಳೆ ಪ್ರವಾಸಿಗರು ಬರೋಕೆ ಮುಂಚೆ ನಾನೇ ಹೋಗಿ ಹೂವಿಡ್ತೀನಿ. ನೀನೂ ಬಾ ಅಮ್ಮಾ, ಆದ್ರೆ ಕೋಟೆ ಬಾಗಿಲಾಚೆ ನಿಂತಿರು. ಅದು ಮತ್ತೆ ನಿನ್ನನ್ನೇ ನೋಡೋದು ಬೇಡ." ನಾನು ಆಚೆಯೇ ನಿಂತಿರುತ್ತೇನೆ, ಮಾನ್ಯರೇ. ಈ ಬಾರಿಯಾದರೂ ಎದುರಿಗಿರುವವಳ ಮುಖ ನೋಡಿ.