ಕಡ್ಡಿ ಪೈಲ್ವಾನನ ತೂಕ

‘ತೂಕ ನೋಡ್ಕೋ’ ಎನ್ನುವುದು ಎರಡೇ ಎರಡು ಪದ. ಅಷ್ಟರಲ್ಲೇ ಒಬ್ಬ ಮನುಷ್ಯನ ಮಾನ ಬೀದಿಗೆ ಬರಬಹುದೆಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಕಡ್ಡಿ ಪೈಲ್ವಾನ ಕನಸಿನಲ್ಲೂ ಎಣಿಸಿರಲಿಲ್ಲ.

ಪೈಲ್ವಾನ ಎಂದ ಮಾತ್ರಕ್ಕೆ ಮೀಸೆ, ತೋಳು, ಗದೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಲೇಬಲ್ ಅಂಟಿಸುವ ಮೇಜಿನಲ್ಲಿ ಕೂರುವ ಈ ಪುಣ್ಯಾತ್ಮನ ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗಿದರೆ ಲೇಬಲ್ಲಿನ ಜೊತೆ ಇವನೂ ಹಾರುತ್ತಾನೆ ಎಂದು ನಗುತ್ತಿದ್ದರು. ಎದುರಿನ ಕಾಗದದ ಗಿರಣಿಯವರೊಂದಿಗೆ ವರ್ಷಕ್ಕೊಮ್ಮೆ ಹಗ್ಗಜಗ್ಗಾಟ ನಡೆಯುತ್ತಿತ್ತು. ಅದರಲ್ಲಿ ಇವನ ಪಾಲಿಗೆ ಬರುತ್ತಿದ್ದ ಕೆಲಸವೆಂದರೆ ಎಳೆಯುವವರ ಬೂಟು, ಅಂಗಿ ಕಾಯುವುದು.

ಈ ವರ್ಷ ಮಾತ್ರ ತಂಡ ಕಟ್ಟುವ ಲೋಡಿಂಗ್ ಮೇಸ್ತ್ರಿ ತಾನಾಗಿಯೇ ಬಂದ. ಕಡ್ಡಿಯನ್ನು ರಟ್ಟಿನ ಕಟ್ಟು ತೂಗುವ ಯಂತ್ರದ ಮೇಲೆ ನಿಲ್ಲಿಸಿದ, ಮುಳ್ಳು ನೋಡಿದ, ಬೆನ್ನು ತಟ್ಟಿದ. “ನೀನೇ ಕಣೋ ನಮ್ಮ ಎಂಟನೇ ಆಳು!” ಎಂದ.

“ನಾನಾ? ಎಳೆಯೋಕಾ?”

“ಮತ್ತೇನು ಹಾಡೋಕಾ?”

ಆ ದಿನ ಅವನು ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದ. “ಒಂದೇ ಒಂದು ಸಲ ಹಗ್ಗ ಹಿಡಿದು ನಿಲ್ಬೇಕು ಕಣೇ. ಆಮೇಲೆ ಜೀವನ ಪೂರ್ತಿ ಬೂಟು ಕಾಯ್ತೀನಿ” ಎಂದು ಹೆಂಡತಿಗೆ ಹೇಳಿದ. ಅವಳು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಅವಳೂ ಸಣಕಲಿಯೇ. ಆದರೆ ದಿನವಿಡೀ ರಟ್ಟಿನ ಕಟ್ಟುಗಳನ್ನು ಎತ್ತಿ ಗಾಡಿಗೆ ಹಾಕುವುದೇ ಅವಳ ಕೆಲಸ. “ಖಂಡಿತ ನಿಲ್ತೀರ” ಎಂದಳು.

ದಿನ ಹತ್ತಿರವಾದಂತೆ ಮೇಸ್ತ್ರಿ ತಾಲೀಮು ಬಿಗಿ ಮಾಡಿದ. ಮೊದಲು ಬರೀ ಹಗ್ಗ ಎಳೆಯುವುದಿತ್ತು. ಆಮೇಲೆ ಕಟ್ಟು ಹೊತ್ತು ಮೆಟ್ಟಿಲು ಹತ್ತುವುದು, ಅದೂ ಸಾಲದೆಂದು ಕೆಟ್ಟು ನಿಂತ ಲಾರಿಗೆ ಹಗ್ಗ ಕಟ್ಟಿ ಎಳೆಯುವುದು. ತಾಲೀಮು ಬೆಳೆಯಿತು, ಕಡ್ಡಿಯ ಊಟ ಬೆಳೆಯಲಿಲ್ಲ. ಪಂದ್ಯದ ದಿನ ಬೆಳಗ್ಗೆ ಲಾರಿ ಒಂದಿಂಚು ಅಲುಗುವ ಮೊದಲೇ ಅವನಿಗೆ ಕಣ್ಣು ಕತ್ತಲೆ ಬಂತು, ಕುಸಿದು ಕುಳಿತ.

ಕಾರ್ಖಾನೆಯ ನರ್ಸಮ್ಮ ನಾಡಿ ಹಿಡಿದು, “ಬೆಳಗ್ಗೆ ಏನಪ್ಪಾ ತಿಂದೆ?” ಎಂದಳು.

“ಎರಡು ಬ್ರೆಡ್ಡು, ಒಂದು ಟೀ.”

“ಎತ್ತಿನ ದುಡಿಮೆ, ಗುಬ್ಬಿ ಊಟ! ಒಲೆಗೆ ಸೌದೆ ಹಾಕದೆ ಅನ್ನ ಬೇಯುತ್ತಾ? ಮೈ ದಂಡಿಸಿದಷ್ಟು ಹೊಟ್ಟೆಗೆ ಹಾಕ್ಬೇಕು. ಹಾಗಂತ ಒಂದೇ ಸಲಕ್ಕಲ್ಲ, ದಿನಾ ಸ್ವಲ್ಪ ಸ್ವಲ್ಪ…”

‘ಹೊಟ್ಟೆಗೆ ಹಾಕ್ಬೇಕು’ ಎಂಬಲ್ಲಿಗೇ ಕಡ್ಡಿಯ ಕಿವಿ ಮುಚ್ಚಿತ್ತು. ಬಾಗಿಲಾಚೆ ಮೇಸ್ತ್ರಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. “ಸಂಜೆಗೆ ಸರಿಹೋಗ್ತೀಯಲ್ಲ? ನಿನ್ನ ತೂಕ ಮಾತ್ರ ನೋಡ್ಕೋ. ನಮ್ಮ ಲೆಕ್ಕವೆಲ್ಲ ನಿಂತಿರೋದು ನಿನ್ನ ಮೇಲೇ” ಎಂದು ಹೇಳಿ ಹೋದ.

ಕಡ್ಡಿ ಎದ್ದು ನಿಂತ. ಇಷ್ಟು ನಂಬಿದ್ದಾರಲ್ಲ! ಸಂಜೆಯೊಳಗೆ ತೂಕ ಮಾಡಿಕೊಳ್ಳದಿದ್ದರೆ ತಾನೂ ಒಬ್ಬ ಮನುಷ್ಯನೇ?

ನೇರ ಕ್ಯಾಂಟೀನಿಗೆ ನಡೆದ. ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಜನ; ತಲೆ ಸುತ್ತಿ ಕುಳಿತವನು ಅವರ ಬಾಯಲ್ಲಿ ಹಸಿವಿನಿಂದ ಸಾಯಲು ಬಿದ್ದಿದ್ದ.

“ಬಾ ಮಗಾ ಬಾ! ನಾನಿರೋವಾಗ ನೀನು ಉಪವಾಸ ಬೀಳೋದಾ?” ಎಂದು ಕ್ಯಾಂಟೀನಿನ ಅಜ್ಜ ಬೇಯಿಸಿದ ಮೊಟ್ಟೆಗಳ ತಟ್ಟೆಯನ್ನೇ ಮುಂದಿಟ್ಟ. ಕಡ್ಡಿ ತಿಂದ. ಮೇಲೆ ಒಂದು ಚೊಂಬು ಹಾಲು. ವಾಚ್‌ಮನ್ ತನ್ನ ಬಾಳೆಹಣ್ಣಿನ ಚಿಪ್ಪು ತಂದ. ಅಂಟಿನ ವಿಭಾಗದವರು ಉಪ್ಪು ಹಾಕಿ ಹುರಿದ ಕಡಲೆಕಾಯಿಬೀಜ ಸುರಿದರು. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ಕಡ್ಡಿ ಒಂದು ಹೂಜಿ ಖಾಲಿ ಮಾಡಿದ.

“ಸಾಕು, ಇನ್ನಾಗಲ್ಲ…”

“ಸಂಕೋಚ ಪಡ್ಬೇಡಪ್ಪಾ!”

ಬೇಡವೆನ್ನಲು ಬಾಯಿ ತೆರೆದರೆ ಆ ಬಾಯಿಗೇ ತುತ್ತು ಬೀಳುತ್ತಿತ್ತು. ವರ್ಷಗಟ್ಟಲೆ ತನ್ನನ್ನು ಗೇಲಿ ಮಾಡಿದ ಜನರೇ ಇವರು! ಒಂದು ಬಾಯಿಗೆ ಇಷ್ಟೊಂದು ಕೈಯೇ ಎಂದು ಕಡ್ಡಿಯ ಕಣ್ಣು ತುಂಬಿತು. ಹೊಟ್ಟೆ ಮೊದಲೇ ತುಂಬಿತ್ತು.

ಮಧ್ಯಾಹ್ನ ಹೆಂಡತಿ ಪಕ್ಕದಲ್ಲಿ ಕುಳಿತು ತನ್ನ ಡಬ್ಬಿಯನ್ನೂ ಅವನತ್ತ ತಳ್ಳಿದಳು. “ನೀವು ಉಣ್ಣಿ. ಇವತ್ತು ಎಳೀಬೇಕಾದೋರು ನೀವು.”

“ನಿಂಗೆ?”

“ನಂಗೆ ಹಸಿವಿಲ್ಲ ಕಣ್ರೀ, ಬೆಳಗ್ಗೆ ಗಡದ್ದಾಗಿ ತಿಂದಿದ್ದೀನಿ.”

ಅವಳು ಬೆಳಗ್ಗೆ ತಿಂದದ್ದನ್ನು ಇವನೇನೂ ನೋಡಿರಲಿಲ್ಲ. ಆದರೂ ಕೊಟ್ಟವಳ ಮನಸ್ಸು ನೋಯಬಾರದೆಂದು ಅದನ್ನೂ ಮುಗಿಸಿದ.

ಸಂಜೆ ಅಂಗಳದಲ್ಲಿ ಜನವೋ ಜನ. ಕಡ್ಡಿ ಬೆಲ್ಟಿನ ಕೊನೆಯ ತೂತಿಗೆ ಬಂದು ಉಸಿರು ಬಿಗಿಹಿಡಿದು ನಿಂತಿದ್ದ. ಆಗ ತೀರ್ಪುಗಾರ ಕೂಗಿದ: “ಎಳೆಯೋ ಮುಂಚೆ ಎಂಟೂ ಜನ ತೂಕದ ಯಂತ್ರ ಹತ್ತಬೇಕು!”

ಹಿಂದಿನ ವರ್ಷ ಗಿರಣಿಯವರು ಬಂಡೆಯಂಥವರನ್ನೇ ಆರಿಸಿ ತಂದು ಗೆದ್ದಿದ್ದರು. ಆದ್ದರಿಂದ ತಂಡದ ಒಟ್ಟು ತೂಕ ಆರುನೂರು ಕಿಲೋ ಮೀರಬಾರದೆಂದು ಹೊಸ ನಿಯಮ ಬಂದಿತ್ತು. ಕಡ್ಡಿಗೆ ಅದು ಗೊತ್ತಿರಲಿಲ್ಲ. ಬೂಟು ಕಾಯುವವನಿಗೆ ನಿಯಮ ಯಾರು ಹೇಳುತ್ತಾರೆ?

ಎಂಟೂ ಜನ ಹತ್ತಿದರು. ಮುಳ್ಳು ಆರುನೂರು ದಾಟಿ, ಇನ್ನೆರಡು ಕಿಲೋ ಮುಂದೆ ಹೋಗಿ ನಿಂತಿತು.

“ಇದು ಹೇಗ್ ಸಾಧ್ಯ! ಮೊನ್ನೆ ಸರಿಯಾಗಿತ್ತಲ್ಲ!” ಎಂದ ಮೇಸ್ತ್ರಿಯ ಕಣ್ಣು ಕಡ್ಡಿಯ ಹೊಟ್ಟೆಯ ಮೇಲೆ ಬಿತ್ತು. “ಏನೋ ಇದು?”

“ನೀವೇ ಅಂದ್ರಲ್ಲ ಅಣ್ಣಾ, ತೂಕ ನೋಡ್ಕೋ ಅಂತ…”

“ಏರದ ಹಾಗೆ ನೋಡ್ಕೋ ಅಂದಿದ್ದು! ಅಯ್ಯೋ ದೇವರೇ! ಏಳು ಜನ ದಡಿಯರ ಲೆಕ್ಕ ಸರಿಹೋಗ್ಲಿ ಅಂತ ತಾನೇ ನಿನ್ನ ಹಾಕ್ಕೊಂಡಿದ್ದು?”

ಕಡ್ಡಿಯ ಮುಖ ಬಾಡಿಹೋಯಿತು. ಬೂಟು ಬಿಚ್ಚಿದ, ಬೆಲ್ಟು ಬಿಚ್ಚಿದ, ಅಂಗಿ ಬಿಚ್ಚಿದ, ಒಂದು ದೊಡ್ಡ ತೇಗೂ ತೇಗಿದ. “ತೇಗಿದ್ರೆ ತೂಕ ಇಳಿಯಲ್ಲಪ್ಪಾ” ಎಂದಳು ನರ್ಸಮ್ಮ. ಬಿಚ್ಚಿದ್ದನ್ನೆಲ್ಲ ಹೆಂಡತಿ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದಳು. ಮುಳ್ಳು ಮಾತ್ರ ಆರುನೂರರೊಳಗೆ ಇಳಿಯಲಿಲ್ಲ.

“ಇವನಿಗಿಂತ ಹಗುರದೋರು ಯಾರಾದ್ರೂ ಇದ್ರೆ ಹಾಕಿ, ಇಲ್ಲಾಂದ್ರೆ ಸೋತ ಹಾಗೇನೇ” ಎಂದ ತೀರ್ಪುಗಾರ.

ಕ್ಯಾಂಟೀನಿನ ಅಜ್ಜ ಗುಂಪಿನಿಂದ ಕೂಗಿದ: “ಪಕ್ಕದಲ್ಲೇ ಇದ್ದಾಳಲ್ರೋ! ದಿನಾ ಕಟ್ಟು ಎತ್ತೋ ಕೈ ಕಣ್ರೋ ಅದು!”

“ಹೆಂಗಸರಾಗಬಹುದಾ?” ಎಂದ ಮೇಸ್ತ್ರಿ ತಡವರಿಸುತ್ತ.

“ಎಂಟು ಜನ ಅಂತಿದೆ. ಗಂಡಸರು ಅಂತೇನಿಲ್ಲ” ಎಂದ ತೀರ್ಪುಗಾರ.

ಹೆಂಡತಿ ಇವನ ಮುಖ ನೋಡಿದಳು. “ಏನ್ರೀ?” ಅವನ ಆಸೆ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಡ್ಡಿ ಹಗ್ಗವನ್ನೊಮ್ಮೆ ನೋಡಿದ. “ಹೋಗೇ. ಸೋಲಬಾರದು” ಎಂದ.

ಅವಳು ಉಳಿದ ಏಳು ಜನರೊಂದಿಗೆ ಯಂತ್ರ ಹತ್ತಿದಳು, ಮುಳ್ಳು ಆರುನೂರರ ಒಳಗೇ ನಿಂತಿತು. ಆಮೇಲೆ ಎಂಟು ಜೊತೆ ಬೂಟು, ಚಪ್ಪಲಿ ಕಡ್ಡಿಯ ತೋಳು ಸೇರಿದವು. ಹಗ್ಗ ಬಿಗಿಯಿತು. ಅವಳು ಹಿಮ್ಮಡಿ ಊರಿ ಹಿಂದಕ್ಕೆ ವಾಲಿದ ಪರಿಗೆ ಗಿರಣಿಯವರು ಬಾಯಿ ಬಿಟ್ಟರು, ಬಾಯಿ ಬಿಟ್ಟಿದ್ದಕ್ಕೆ ಗೆರೆ ದಾಟಿ ಬಂದು ಬಿದ್ದರು. ಕಡ್ಡಿ ಬೂಟುಗಳ ಸಮೇತ ಕುಣಿದ.

ಜಯಕಾರದ ನಡುವೆಯೇ ಅವಳು ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಳು. ನರ್ಸಮ್ಮ ಓಡಿ ಬಂದಳು. “ಬೆಳಗ್ಗೆಯಿಂದ ಏನಮ್ಮಾ ತಿಂದೆ?”

ಅವಳು ಗಂಡನ ಹೊಟ್ಟೆಯತ್ತ ನೋಡಿದಳು. ಸುತ್ತ ನಿಂತವರೆಲ್ಲ ಅತ್ತಲೇ ನೋಡಿದರು.

ಕಡ್ಡಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೂಟುಗಳನ್ನು ಅಲ್ಲೇ ಚೆಲ್ಲಿ ಕ್ಯಾಂಟೀನಿಗೆ ಓಡಿ ಹಾಲು, ಬ್ರೆಡ್ಡು, ಉಳಿದಿದ್ದ ಮೊಟ್ಟೆ ಎಲ್ಲ ಹೊತ್ತು ತಂದ. ತನ್ನ ಕೈಯಾರೆ ಸಿಪ್ಪೆ ಸುಲಿದು ಕೊಡುತ್ತ, “ನಿನ್ನ ಋಣ ಹೇಗೆ ತೀರಿಸಲೇ” ಎಂದ.

ಮೇಸ್ತ್ರಿ ಗೆದ್ದ ಕಪ್ಪನ್ನು ಅವಳ ಮಡಿಲಲ್ಲಿಟ್ಟ. “ತಂಗೀ, ಇನ್ಮೇಲೆ ಎಂಟನೇ ಆಳು ನೀನೇ. ನಾಳೆಯಿಂದ ತಾಲೀಮಿಗೆ ಬಾ. ತೂಕ ಮಾತ್ರ ನೋಡ್ಕೋ.”

ಅವಳು ತುಂಬಿದ ಬಾಯಲ್ಲೇ ಗಂಡನತ್ತ ತಿರುಗಿದಳು. “ರೀ, ನೋಡ್ಕೋ ಅಂದ್ರೆ ಏರಿಸ್ಕೊಳ್ಳೋದಾ, ಇಳಿಸ್ಕೊಳ್ಳೋದಾ?”

ಕಡ್ಡಿ ಪೈಲ್ವಾನ ಚೆಲ್ಲಿದ್ದ ಬೂಟುಗಳನ್ನು ಒಂದೊಂದಾಗಿ ಆಯ್ದು ಮತ್ತೆ ತೋಳಿಗೇರಿಸಿಕೊಂಡ.

“ನೀನು ಮೊದ್ಲು ಉಣ್ಣೇ. ತೂಕ ನಾನು ನೋಡ್ಕೋತೀನಿ.”