ವಂಶಾವಳಿಯಿಂದ ಉದುರಿದ ಮಾಸ್ತರರು

ತಾಂಬಾದ ಸಿದ್ದಾರೂಢ ಮಾಸ್ತರರಿಗೆ ತಮ್ಮ ಮನೆಯಲ್ಲಿ ಒಂದೇ ಒಂದು ವಾದವನ್ನಾದರೂ ಗೆಲ್ಲಬೇಕೆಂಬ ಆಸೆ ಹನ್ನೊಂದು ವರ್ಷಗಳಿಂದ ಇತ್ತು. ಹನ್ನೊಂದೇ ಯಾಕೆಂದರೆ, ಅವರ ಮದುವೆಯಾಗಿ ಅಷ್ಟು ವರ್ಷಗಳಾಗಿದ್ದವು.

ತಪ್ಪು ಅವರದಲ್ಲ, ವ್ಯವಸ್ಥೆಯದು. ಅವರು ಕಟ್ಟಿಕೊಂಡದ್ದು ಸ್ವಂತ ಅಕ್ಕನ ಮಗಳು ಸುವರ್ಣಾಳನ್ನು. ಬೇರೆ ಗಂಡಂದಿರು ಹೆಂಡತಿಯ ಕೂಡ ಜಗಳವಾದರೆ ತಾಯಿಯ ಸೆರಗಿನ ಕಡೆ ಓಡುತ್ತಾರೆ. ಮಾಸ್ತರರ ತಾಯಿ ಸಿದ್ದವ್ವ ಅದಕ್ಕೂ ಮೊದಲೇ ಸುವರ್ಣಾಳಿಗೆ ಆಯಿ, ಅಂದರೆ ಅಜ್ಜಿ. ಮಗಳ ಮಗಳ ಮೇಲೆ ಒಂದು ಮಾತು ಬರಗೊಡುವವಳಲ್ಲ. ಹೋಗಲಿ, ಅತ್ತೆಯ ಹತ್ತಿರ ದೂರು ಕೊಡೋಣವೆಂದರೆ, ಅತ್ತೆ ಎಂದರೆ ಮನಗೂಳಿಯ ಅಕ್ಕ ನೀಲವ್ವ. ಚಿಕ್ಕಂದಿನಲ್ಲಿ ಇವರನ್ನು ಟೊಂಕದ ಮೇಲೆ ಹೊತ್ತು ತಿರುಗಿ, ಮೂಗು ಒರೆಸಿ ಬೆಳೆಸಿದವಳು. ಮೂಗು ಒರೆಸಿದವಳ ಮುಂದೆ ಯಾವ ಅಳಿಯ ತಾನೇ ಗತ್ತು ಮಾಡಿಯಾನು? (ಊರ ಅಳಿಯಂದಿರು ಅತ್ತೆಯ ಮನೆಗೆ ಹೋದರೆ ಹೋಳಿಗೆ. ಮಾಸ್ತರರು ಹೋದರೆ ನೀಲವ್ವ ಜೋಳದ ಡಬ್ಬಿ ಕೈಗೆ ಕೊಟ್ಟು ಹಿಟ್ಟಿನ ಗಿರಣಿಗೆ ಕಳಿಸುತ್ತಿದ್ದಳು.)

ಹೀಗೆ ಮೂರೂ ದಿಕ್ಕಿನಿಂದ ಮುತ್ತಿಗೆಗೆ ಒಳಗಾಗಿದ್ದ ಮಾಸ್ತರರ ಪಾಲಿಗೆ ನಾಲ್ಕನೆಯ ದಿಕ್ಕು ತೆರೆದದ್ದು ಎರಡು ಸಾವಿರದ ಎರಡನೆಯ ಇಸವಿಯಲ್ಲಿ. ಇಂಡಿಯಲ್ಲಿ ಜುಲ್ಫಿಕರ ತನ್ನ ಎಸ್‌ಟಿಡಿ ಬೂತಿನ ಅರ್ಧಕ್ಕೆ ಪ್ಲೈವುಡ್ ಬಡಿದು, ಎರಡು ಕಂಪ್ಯೂಟರ್ ಇಟ್ಟು, ಬಾಗಿಲಿಗೆ ‘ಒಳಗೆ ಇಂಟರ್‌ನೆಟ್ ಇದೆ, ಚಪ್ಪಲಿ ಹೊರಗೆ ಬಿಡಿರಿ’ ಎಂದು ಬರೆಸಿದ. ಅಂದಿನಿಂದ ಮಾಸ್ತರರು ಪ್ರತಿ ರವಿವಾರ ಇಂಡಿಯ ಬಸ್ಸು ಹತ್ತತೊಡಗಿದರು.

ಅವರ ಬಳಿ ಇನ್ನೂರು ಪುಟದ ಒಂದು ನೋಟುಬುಕ್ಕಿತ್ತು. ಪತ್ರಿಕೆಯಲ್ಲಿ ವಾರವಾರವೂ ಬರುತ್ತಿದ್ದ ‘ನೋಡಲೇಬೇಕಾದ ಜಾಲತಾಣಗಳು’ ಅಂಕಣವನ್ನು ಕತ್ತರಿಸಿ ಅದರಲ್ಲಿ ಅಂಟಿಸುತ್ತಿದ್ದರು. ಉಪಯುಕ್ತ ತಾಣಗಳಿಗೆ ಕೆಂಪು ಶಾಯಿಯ ಗೆರೆ, ಮೋಜಿನವಕ್ಕೆ ಹಸಿರು. ತಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಮನುಷ್ಯರಾದ್ದರಿಂದ ಮೋಜನ್ನೂ ಅವರು ಪರೀಕ್ಷೆಗೆ ಓದಿದಷ್ಟೇ ನಿಷ್ಠೆಯಿಂದ ಮಾಡುತ್ತಿದ್ದರು. ಟೈ ಕಟ್ಟುವ ಎಂಬತ್ತು ಬಗೆಗಳನ್ನು ಕಲಿಸುವ ತಾಣವೊಂದನ್ನು ಪೂರ್ತಿ ಬರೆದುಕೊಂಡರು. (ತಾಂಬಾದಲ್ಲಿ ಟೈ ಎಂಬುದನ್ನು ಕಟ್ಟುತ್ತಿದ್ದವರು ಬ್ಯಾಂಡಿನವರು ಮಾತ್ರ.) ಜಪಾನಿನಲ್ಲಿ ಈಗ ಎಷ್ಟು ಗಂಟೆ ಎಂದು ತಿಳಿಸುವ ತಾಣವನ್ನು ನೋಡಿ ಬಂದು, ಅಲ್ಲಿ ಸಂಜೆಯಾಗಿದೆ ಎಂದು ಇಲ್ಲಿ ಮಧ್ಯಾಹ್ನ ಹೇಳಿದರು.

“ಅಲ್ಲಿ ಸಂಜೀ ಆದ್ರ ಅವ್ರು ರೊಟ್ಟಿ ಬಡಿತಾರ. ನಮಗೇನು?” ಎಂದಳು ಸುವರ್ಣಾ. “ಮತ್ತೇನು ನೋಡಿದ್ರಿ ಮಾಮಾ?”

(ಸೋದರಮಾವನನ್ನೇ ಮದುವೆಯಾದವಳು. ಹನ್ನೊಂದು ವರ್ಷವಾದರೂ ‘ಮಾಮಾ’ ಹೋಗಿರಲಿಲ್ಲ.)

“ಪರದೇಶದಾಗ ಒಂದು ಗಾಜಿನ ಹೌದಿಗೆ ಕ್ಯಾಮೆರಾ ಕಟ್ಟ್ಯಾರ. ಅದರಾಗಿನ ಮೀನು ಇಲ್ಲಿಂದ ಕಾಣ್ತಾವ!”

“ಒಂದು ತಾಸು ಕುಂತು ಎಷ್ಟು ಮೀನ ನೋಡಿದ್ರಿ?”

“ಒಂದು.” ಮಾಸ್ತರರು ಸತ್ಯವಂತರು. “ಅದೂ ಬಾಲ. ತಲಿ ಇಳ್ಯಾಕತ್ತಿದಾಗ ಕರೆಂಟ್ ಹೋತು.”

ಸಿದ್ದವ್ವನ ಮನಸ್ಸಿಗೆ ಬಂದದ್ದು ಒಂದೇ ತಾಣ. ಚಂದ್ರನ ಮೇಲೆ ನಿಮ್ಮ ತೂಕವೆಷ್ಟು ಎಂದು ಅದು ಹೇಳುತ್ತಿತ್ತು. ಆಕೆಯ ತೂಕ ಅಲ್ಲಿ ಬರೀ ಒಂಬತ್ತು ಕಿಲೋ ಎಂದು ಮಾಸ್ತರರು ಘೋಷಿಸಿದಾಗ ಮುದುಕಿ ಮೊಣಕಾಲು ನೀವಿಕೊಳ್ಳುತ್ತ, “ಹಂಗಾರ ಅಲ್ಲಿ ಈ ಮೊಣಕಾಲ ನೋಯಂಗಿಲ್ಲೇನೋ ಸಿದ್ದಾ? ಅದಕ್ಕ ಬಸ್ ಐತೇನು?” ಎಂದು ಕೇಳಿದಳು. ಅದೊಂದೇ ಸಂಜೆ ಇಂಟರ್‌ನೆಟ್ಟಿಗೆ ಆ ಮನೆಯಲ್ಲಿ ಮರ್ಯಾದೆ ಇದ್ದದ್ದು.

ಸುಗ್ಗಿ ಮುಗಿಯಿತು. ಹೆಳವರು ಬರುವ ಕಾಲ ಬಂತು. ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು, ಮೂರು ನಾಲ್ಕು ವರ್ಷಕ್ಕೊಮ್ಮೆ ಬಂದು, ಕಟ್ಟೆಯ ಮೇಲೆ ಕುಳಿತು ಹಿರಿಯರ ಹೆಸರುಗಳನ್ನು ರಾಗವಾಗಿ ಓದಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿ ಹೋಗುವವರು ಅವರು. ಆ ಮನೆಗೆ ಬರುತ್ತಿದ್ದ ಹೆಳವರ ಖಂಡೆಪ್ಪನಿಗೆಂದು ಸಿದ್ದವ್ವ ಒಂದು ಚೀಲ ಜೋಳ, ಒಂದು ಧೋತರ ತೆಗೆದಿರಿಸಿದ್ದಳು.

ಅದೇ ಹೊತ್ತಿಗೆ ಮಾಸ್ತರರ ನೋಟುಬುಕ್ಕಿನ ನಲವತ್ತೊಂದನೆಯ ಪುಟದಲ್ಲಿ ಕೆಂಪು ಶಾಯಿಯ ಗೆರೆ ಎಳೆಸಿಕೊಂಡ ತಾಣವೊಂದು ಅವರನ್ನು ಕೈ ಬೀಸಿ ಕರೆಯಿತು. ನಿಮ್ಮ ವಂಶಾವಳಿಯನ್ನು ನೀವೇ ಬರೆಯಿರಿ, ಪೂರ್ತಿ ಉಚಿತ!

“ಅವ್ವಾ, ಈ ಸಲ ಖಂಡೆಪ್ಪಗ ಚಾ ಕೊಟ್ಟು ಕಳಸು, ಸಾಕು. ವಂಶಾವಳಿ ನಾ ಕಂಪ್ಯೂಟರಿನ್ಯಾಗ ಮಾಡ್ತೇನಿ. ಜಗತ್ತಿನ ಯಾವ ಮೂಲ್ಯಾಗ ಕುಂತ್ರೂ ನಮ್ಮ ಮನೆತನ ಕಾಣಬೇಕು.”

“ಜಗತ್ತಿನ ಮೂಲ್ಯಾಗ ಕುಂತಾವ್ರಿಗೆ ನಮ್ಮ ಮನೆತನ ಯಾಕ ಬೇಕೋ?” ಎಂದಳು ಸಿದ್ದವ್ವ. “ಖಂಡೆಪ್ಪ ಓದಿದ್ರ ನಿಮ್ಮಪ್ಪ ಬಂದು ಮುಂದ ಕುಂತಂಗ ಆಕ್ಕೈತಿ. ನಿನ್ನ ಡಬ್ಬಿ ಓದ್ತೈತೇನು?”

“ಓದಸ್ತೇನಿ. ಅವನ ಮುಂದ, ಅವನಕಿಂತ ಚಂದ ಓದಿ ತೋರಸ್ತೇನಿ. ಗೆದ್ರ ಇನ್ನ ಮ್ಯಾಲೆ ಈ ಮನ್ಯಾಗ ನನ್ನ ಮಾತ ನಡೀಬೇಕು.”

“ಸೋತ್ರ?” ಒಳಗಿನಿಂದ ಸುವರ್ಣಾ ಕೇಳಿದಳು.

“ಸೋತ್ರ ನೀವು ಹೇಳಿದಂಗ ಕೇಳ್ತೇನಿ.”

“ಅದನ್ನ ಈಗೂ ಮಾಡ್ತೀರಿ ಮಾಮಾ. ಬ್ಯಾರೆ ಏನರೆ ಹೇಳ್ರಿ.”

ಬೇರೆ ಏನೂ ತೋಚದೆ ಪಂದ್ಯ ಹಾಗೆಯೇ ನಿಂತಿತು.

ಮೂರು ರವಿವಾರ ಮಾಸ್ತರರು ಜುಲ್ಫಿಕರನ ಪ್ಲೈವುಡ್ ಗೂಡಿನಲ್ಲಿ ತಪಸ್ಸಿಗೆ ಕುಳಿತರು. ತಾಣ ಮೊದಲ ಹೆಜ್ಜೆಯಲ್ಲೇ ತಕರಾರು ತೆಗೆಯಿತು. ಹುಟ್ಟಿದ ದಿನಾಂಕವಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ! ಮಾಸ್ತರರದು, ಸುವರ್ಣಾಳದು, ನೀಲವ್ವಳದು ಜೂನ್ ಒಂದು. ಏಕೆಂದರೆ ಸಾಲಿಗೆ ಹೆಸರು ಹಚ್ಚುವಾಗ ಅಂದಿನ ಹೆಡ್‌ಮಾಸ್ತರರು ಊರ ಮಕ್ಕಳನ್ನೆಲ್ಲ ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದರು. ಸಾಲಿಯ ಮುಖ ನೋಡದ ಸಿದ್ದವ್ವನಿಗೂ, ತೀರಿಹೋದ ತಂದೆ ಬಸಲಿಂಗಪ್ಪನಿಗೂ, ಅವರ ಅಜ್ಜ ಮುತ್ತಜ್ಜರಿಗೂ ಮಾಸ್ತರರು ಅದೇ ದಿನಾಂಕ ದಯಪಾಲಿಸಿದರು. ಏಳು ತಲೆಮಾರು ಒಂದೇ ದಿನ ಹುಟ್ಟಿದ ಮನೆತನವನ್ನು ಕಂಡು ತಾಣ ಒಂದು ಕ್ಷಣ ಉಸಿರು ಹಿಡಿದು ನಿಂತಿತು. (ಜುಲ್ಫಿಕರ, “ಲೈನ್ ಹೋಗೈತ್ರಿ ಸರ್,” ಎಂದ. ಮಾಸ್ತರರು ನಂಬಲಿಲ್ಲ.)

ನಿಜವಾದ ಗಂಡಾಂತರ ಬಂದದ್ದು ಮೂರನೆಯ ರವಿವಾರ. ಸಿದ್ದವ್ವನ ಕೆಳಗೆ ಮಗ ಸಿದ್ದಾರೂಢ ಎಂದು ಬರೆದಾಗಿತ್ತು. ಅಲ್ಲೇ ಪಕ್ಕದ ಕೊಂಬೆಯಲ್ಲಿ ಮಗಳು ನೀಲವ್ವ, ಅವಳ ಕೆಳಗೆ ಸುವರ್ಣಾ. ಸುವರ್ಣಾಳ ಪಕ್ಕದಲ್ಲಿ ಗಂಡನ ಹೆಸರು ತುಂಬುವ ಮನೆ ಖಾಲಿ ಇತ್ತು. ಖಾಲಿ ಮನೆ ಬಿಡುವುದು ಮಾಸ್ತರರ ಜಾಯಮಾನವಲ್ಲ. ಅಲ್ಲಿಯೂ ಸಿದ್ದಾರೂಢ, ಜೂನ್ ಒಂದು, ತಾಂಬಾ ಎಂದು ತುಂಬಿದರು. ಕೂಡಲೇ ಹಳದಿ ಪಟ್ಟಿಯೊಂದು ಮೇಲೆದ್ದಿತು. ‘ಈ ವ್ಯಕ್ತಿ ಎರಡು ಸಲ ಬಂದಿದ್ದಾನೆ. ಹಳೆಯದನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳಲೇ?’

ಅಳಿಯನೂ ಮಗನೂ ಒಬ್ಬನೇ ಆಗಿರುವ ಮನೆತನ ಭೂಮಿಯ ಮೇಲೆ ಇರಬಹುದೆಂಬುದು ಆ ತಾಣ ಕಟ್ಟಿದವರ ಕಲ್ಪನೆಗೆ ಬಂದಿರಲಿಲ್ಲ. ಇತ್ತ ತಾಂಬಾದ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮಾಸ್ತರರು ‘ಹೌದು’ ಎಂಬುದನ್ನು ಒತ್ತಿ, ಜುಲ್ಫಿಕರನ ಪ್ರಿಂಟರು ಕಿರುಗುಟ್ಟುತ್ತ ಉಗುಳಿದ ಹದಿನಾರು ಹಾಳೆಗಳನ್ನು ಬಗಲಲ್ಲಿ ಅವಚಿಕೊಂಡು ಓಡಿದರು. ಮನೆಯಲ್ಲಿ ಹಾಳೆಗಳಿಗೆ ಪುಟಸಂಖ್ಯೆ ಹಾಕಿ, ದಾರ ಪೋಣಿಸಿ, ಮೇಲೆ ರಟ್ಟು ಅಂಟಿಸಿದರು. ಓದಿ ನೋಡಲಿಲ್ಲ. ತಮ್ಮ ಹೆಸರು ತಮ್ಮ ಮನೆಯಲ್ಲಿ ಇದೆಯೋ ಇಲ್ಲವೋ ಎಂದು ಯಾರು ನೋಡಲು ಹೋಗುತ್ತಾರೆ?

ಖಂಡೆಪ್ಪ ಬಂದ. ಮನಗೂಳಿಯಿಂದ ನೀಲವ್ವ ಬಂದಳು. ಓಣಿಯ ಅರ್ಧ ಜನ ಕಟ್ಟೆಯ ಸುತ್ತ ನೆರೆದರು. ಖಂಡೆಪ್ಪ ಕಂಬಳಿ ಹಾಸಿ, ಕೆಂಪು ಬಟ್ಟೆಯಿಂದ ದಪ್ಪ ಪುಸ್ತಕ ಬಿಚ್ಚಿ, ಕಣ್ಣು ಮುಚ್ಚಿ ಶುರು ಮಾಡಿದ. ಬಾವಿ ತೋಡಿಸಿದ ಮುತ್ತಜ್ಜ, ಹೊರ್ತಿಯಿಂದ ಹೆಣ್ಣು ತಂದ ಅಜ್ಜ, ಒಂದೇ ಎತ್ತಿನಿಂದ ಹೊಲ ಬಿತ್ತಿ ತೋರಿಸಿದ ಬಸಲಿಂಗಪ್ಪ, ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕುಳಿತು ಹೋದರು. ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಗಳಿಗೆ ಮಾಸ್ತರರೂ ಮೈಮರೆತು ತಲೆದೂಗಿದರು. ಆದರೆ ಪಂದ್ಯ ಪಂದ್ಯವೇ.

“ಈಗ ನಿಮ್ಮದು ಓದ್ರಿ ಮಾಸ್ತರ, ಕೇಳೂಣು,” ಎಂದ ಖಂಡೆಪ್ಪ ಸೌಜನ್ಯದಿಂದ.

ಮಾಸ್ತರರು ಎದ್ದು ನಿಂತು, ಇಂಗ್ಲಿಷಿನಲ್ಲಿದ್ದುದನ್ನು ಅಲ್ಲಲ್ಲೇ ಕನ್ನಡಕ್ಕೆ ತಿರುಗಿಸುತ್ತ ಓದಿದರು. ಏಳು ತಲೆಮಾರು ದಡದಡನೆ ಇಳಿದವು. ಕಟ್ಟೆಯ ಮೇಲೆ ಮೆಚ್ಚುಗೆಯ ಗುಸುಗುಸು ಎದ್ದಿತು. ಸುವರ್ಣಾ ಕೂಡ ಬಾಗಿಲ ತನಕ ಬಂದಳು. ಹನ್ನೊಂದು ವರ್ಷಗಳಿಂದ ಕಾದ ಗೆಲುವು ಇನ್ನು ಎರಡು ಪುಟದ ದೂರದಲ್ಲಿತ್ತು.

“ಬಸಲಿಂಗಪ್ಪ ಮತ್ತು ಸಿದ್ದವ್ವ ಇವರಿಗೆ ಸಂತಾನ...” ಮಾಸ್ತರರು ತಡೆದರು. ಹಾಳೆಯನ್ನು ಕಣ್ಣಿನ ಹತ್ತಿರ ತಂದರು. “ಸಂತಾನ ಒಂದು. ನೀಲವ್ವ.”

“ಮುಂದ ಓದೋ,” ಎಂದಳು ನೀಲವ್ವ.

“ನೀಲವ್ವಳ ಮಗಳು ಸುವರ್ಣಾ. ಸುವರ್ಣಾಳ ಗಂಡ ಸಿದ್ದಾರೂಢ.” ಇಷ್ಟಕ್ಕೆ ನಿಲ್ಲಿಸಿದ್ದರೂ ಬದುಕುತ್ತಿದ್ದರೇನೋ. ಆದರೆ ಎದುರಿಗಿದ್ದ ಅಕ್ಷರವನ್ನು ನುಂಗಿ ರೂಢಿಯಿಲ್ಲದ ಮಾಸ್ತರರು ಕೊನೆಯ ಸಾಲನ್ನೂ ಓದಿಬಿಟ್ಟರು. “ತಂದೆ ತಾಯಿ... ತಿಳಿದುಬಂದಿಲ್ಲ.”

ಕಟ್ಟೆಯ ಜನರೆಲ್ಲ ಸಿದ್ದವ್ವನ ಕಡೆ ತಿರುಗಿದರು.

“ಎಪ್ಪಾ!” ಸಿದ್ದವ್ವ ಎದೆ ಬಡಿದುಕೊಂಡಳು. “ನಾ ಇಲ್ಲೇ ಕುಂತೇನಲ್ಲೋ! ಹೆತ್ತಾಕಿ ಜೀವಂತ ಇದ್ದಾಗ ತಿಳಿದುಬಂದಿಲ್ಲ ಅಂತ ಛಾಪಿಸಿಗೊಂಡು ಬಂದೀಯಲ್ಲೋ!”

“ಅಲ್ಲಬೇ ಅವ್ವ,” ಸುವರ್ಣಾ ನೀಲವ್ವನ ಕಡೆ ತಿರುಗಿದಳು, “ಗೊತ್ತುಗುರಿ ಇಲ್ಲದವ್ರಿಗೆ ನನ್ನ ಕೊಟ್ಟೀಯಲ್ಲ. ಒಂದು ಮಾತು ವಿಚಾರಿಸಬಾರದಿತ್ತೇನು?”

“ತಮ್ಮ ಅಂತ ತಿಳಿದು ಮೂಗ ಒರೆಸಿದ್ನಲ್ಲ,” ಎಂದು ನೀಲವ್ವ ನಕ್ಕು ನಕ್ಕು ಕಂಬಕ್ಕೆ ಒರಗಿದಳು.

ಮಾಸ್ತರರು ಇನ್ನು ಮರ್ಯಾದೆಯಾದರೂ ಉಳಿಯಲೆಂದು ಜೋಳದ ಚೀಲಕ್ಕೆ ತಾವೇ ಕೈ ಹಚ್ಚಿದರು. ಖಂಡೆಪ್ಪ ನಯವಾಗಿ ತಡೆದ.

“ತಪ್ಪ ತಿಳೀಬ್ಯಾಡ್ರಿ ಮಾಸ್ತರ. ನಮ್ಮ ಪದ್ಧತಿ ಐತಿ. ಕಾಳು ವಂಶದವ್ರ ಕೊಡಬೇಕು. ಹೊರಗಿನವ್ರ ಕೈಲೆ ಇಸ್ಕೊಳ್ಳಂಗಿಲ್ಲ.”

ಚೀಲವನ್ನು ಸುವರ್ಣಾ ಮುಟ್ಟಿ ಕೊಟ್ಟಳು. ಖಂಡೆಪ್ಪನ ಬಂಡಿಯ ತನಕ ಅದನ್ನು ಹೊತ್ತದ್ದು ಮಾತ್ರ ಆ ‘ಹೊರಗಿನವರೇ’.

ಸಿದ್ದವ್ವ ಎರಡು ದಿನ ಮಗನ ಕೂಡ ಮಾತಾಡಲಿಲ್ಲ. ಮೂರನೆಯ ದಿನ ಅಪ್ಪಣೆ ಹೊರಟಿತು. “ಮದಲ ಅದನ್ನ ಅಳಿಸಿ, ನಾ ನಿಮ್ಮವ್ವ ಅಂತ ಬರದು ಬಾ.” ಮಾಸ್ತರರು ರವಿವಾರದವರೆಗೂ ಕಾಯದೆ ರಜೆ ಹಾಕಿ ಇಂಡಿಗೆ ಓಡಿದರು. ಆದರೆ ತಾಣದ ಬಾಗಿಲು ಮುಚ್ಚಿತ್ತು. ನೀವು ಈ ಮನೆತನಕ್ಕೆ ಮದುವೆಯಿಂದ ಬಂದವರು, ತಿದ್ದುವ ಹಕ್ಕು ನಿಮಗಿಲ್ಲ. ಬದುಕಿರುವ ಹಿರಿಯರಾದ ಸಿದ್ದವ್ವನವರು ಇ-ಮೇಲ್ ಮೂಲಕ ಒಪ್ಪಿಗೆ ಕೊಡಬೇಕು ಎಂದಿತು.

ಮುಂದಿನ ರವಿವಾರ ಮೂವರು ಹೆಂಗಸರೊಂದಿಗೆ ಮಾಸ್ತರರ ಸವಾರಿ ಇಂಡಿಯಲ್ಲಿ ಇಳಿಯಿತು. ಸಿದ್ದವ್ವ ಇಳಕಲ್ ಸೀರೆ ಉಟ್ಟು, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಕೈಮುಗಿದು ಕುಳಿತಳು. ಜುಲ್ಫಿಕರ ಆಕೆಗೊಂದು ಇ-ಮೇಲ್ ತೆರೆದ. ತಾಣದಿಂದ ಒಪ್ಪಿಗೆ ಕೇಳುವ ಪತ್ರ ಬಂತು. ಅದನ್ನು ದೊಡ್ಡ ದನಿಯಲ್ಲಿ ಓದಿ ಹೇಳಿದ.

“ಆಯಿ, ಸಿದ್ದಾರೂಢ ಅನ್ನಾವ್ರು ನಿಮ್ಮ ಮಗ ಆಗಾಕ ಅರ್ಜಿ ಹಾಕ್ಯಾರ್ರಿ. ಮಂಜೂರು ಮಾಡ್ತೀರೋ, ಇಲ್ಲೋ?”

‘ಅರ್ಜಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ಸಿದ್ದವ್ವ ನೆಟ್ಟಗೆ ಕುಳಿತಳು. ಜೀವಮಾನವಿಡೀ ಊರ ಕಚೇರಿಗಳಲ್ಲಿ ಅರ್ಜಿ ಕೊಟ್ಟು ನಿಂತವಳು. ತನ್ನ ಮುಂದೆ ಒಬ್ಬರು ಅರ್ಜಿ ಹಿಡಿದು ನಿಂತದ್ದು ಇದೇ ಮೊದಲು.

“ಅವಸರ ಮಾಡಬ್ಯಾಡ್ರಿ,” ಎಂದಳು. “ಏನೇ ಸುವರ್ಣಾ, ಇವರ ನಡತಿ ಹ್ಯಾಂಗೈತಿ?”

“ಪರವಾಗಿಲ್ಲಬೇ ಆಯಿ. ಹೇಳಿದ್ದು ಕೇಳ್ತಾರ. ಆದ್ರ ಹೊಳ್ಳಿ ಮಾತಾಡ್ತಾರ.”

“ನೀ ಏನಂತಿ ನೀಲವ್ವ?”

“ಇನ್ನೊಂದೀಟು ದಿನ ನೋಡೂಣಬೇ ಅವ್ವ.”

“ಅವ್ವಾ!” ಮಾಸ್ತರರು ಗಡಿಯಾರದ ಕಡೆ ಕೈ ತೋರಿಸಿದರು. “ತಾಸಿನ ಮ್ಯಾಲೆ ರೊಕ್ಕ ಹತ್ತಾಕತ್ತೈತಿ! ಹೌದು ಅನ್ನೋದನ್ನ ಒತ್ತು!”

“ನೋಡಿದ್ಯಾ, ಹೊಳ್ಳಿ ಮಾತಾಡ್ತಾನ,” ಎಂದಳು ಸಿದ್ದವ್ವ. ಪರದೆಗೆ ಮೂಗು ತಾಗುವಷ್ಟು ಬಾಗಿ ಬೆರಳಿಟ್ಟು ಕೇಳಿದಳು. “ತಮ್ಮಾ, ಹೌದು ಇಲ್ಲೈತಿ, ಇಲ್ಲ ಇಲ್ಲೈತಿ. ಈ ಮೂರನೇದು ಏನು?”

“ಅದು ‘ಮುಂದಿನ ವಾರ ನೆನಪು ಮಾಡಿರಿ’ ಅಂತ್ರಿ ಆಯಿ.”

“ಹಾಂ. ಶಾಣ್ಯಾ ಅದಾರ ಇದನ್ನ ಮಾಡಿದವ್ರು. ಅದನ್ನ ಒತ್ತು.”

ಟಕ್ ಎಂದು ಸದ್ದಾಯಿತು. ಮೂವರು ಹೆಂಗಸರೂ ಹೊರಗೆ ಬಂದು, ಮಿರ್ಚಿ ಭಜಿ ತಿಂದು, ಚಾ ಕುಡಿದು, ಮುಂದಿನ ರವಿವಾರ ಯಾವ ಸೀರೆ ಉಟ್ಟು ಬರಬೇಕೆಂದು ಮಾತಾಡಿಕೊಳ್ಳುತ್ತ ಬಸ್‌ಸ್ಟ್ಯಾಂಡಿಗೆ ನಡೆದರು. ತಾಂಬಾದ ಬಸ್ಸು ಆಗಲೇ ಧೂಳೆಬ್ಬಿಸುತ್ತ ಒಳಗೆ ಬರುತ್ತಿತ್ತು, ಜನ ಬಾಗಿಲಿಗೆ ಮುಗಿಬೀಳುತ್ತಿದ್ದರು. ಸಿದ್ದವ್ವ ಸೆರಗು ಸರಿಪಡಿಸಿಕೊಂಡು ಹಿಂದೆ ತಿರುಗಿ, ಜನ್ಮದಲ್ಲೇ ಮೊದಲ ಸಲ ಮಗನನ್ನು ಬಹುವಚನದಲ್ಲಿ ಕರೆದಳು.

“ಅಳಿಯಂದ್ರ, ಲಗೂನ ಓಡ್ರಿ. ಕಿಟಕ್ಯಾಗಿಂದ ಟವೆಲ್ ಒಗದು ಮೂರು ಸೀಟ್ ಹಿಡೀರಿ.”