ಪಾಲಿಸಿದಾರಳ ವಿಳಾಸ

ಮಿಲ್ಟನ್ ಹ್ರುಸ್ಕ ಬರೆದುಕೊಟ್ಟ ಬಿಲ್ಲನ್ನು ತಿರಸ್ಕರಿಸುವ ಎದೆಗಾರಿಕೆಯಿರುವ ವಿಮಾ ಕಂಪನಿ ಅಮೆರಿಕದ ಐವತ್ತು ರಾಜ್ಯಗಳಲ್ಲಿ ಹುಡುಕಿದರೂ ಒಂದೂ ಸಿಗುತ್ತಿರಲಿಲ್ಲ. ಅವನ ಬಿಲ್ಲು ಅಂಚೆಯಲ್ಲಿ ಬಂತೆಂದರೆ ಗುಮಾಸ್ತರು ಎದ್ದು ನಿಂತು ಟೋಪಿ ತೆಗೆಯುತ್ತಿದ್ದರು. ಒಮ್ಮೆ ಒಬ್ಬ ಮೇಲ್ವಿಚಾರಕ ಅದನ್ನು ಓದಿ ಕಣ್ಣೀರಿಟ್ಟು, ಕೇಳಿದ್ದಕ್ಕೆ ದುಪ್ಪಟ್ಟು ಹಣ ಕಳಿಸಿ, ತಡವಾದದ್ದಕ್ಕೆ ಕ್ಷಮೆ ಕೋರಿ ಒಂದು ಕೇಕನ್ನೂ ಜೊತೆಗಿಟ್ಟಿದ್ದ. ಆ ಕೇಕಿನ ಒಂದು ತುಂಡು ನಾನೇ ತಿಂದಿದ್ದೇನೆ.

ಪಿಟ್ಸ್‌ಬರ್ಗಿನ ನಮ್ಮ ಬೀದಿಯಲ್ಲಿ, ನನ್ನ ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಮಿಲ್ಟನ್ ಜನರ ಮನಸ್ಸಿನ ಗಂಟು ಬಿಡಿಸುತ್ತ ಕೂತಿರುತ್ತಾನೆ. ವಿಮಾ ಕಂಪನಿಗಳು ನೇರವಾಗಿ ಹಣ ಕಟ್ಟುವ ವೈದ್ಯರ ಯಾವ ಪಟ್ಟಿಯಲ್ಲೂ ಅವನ ಹೆಸರಿಲ್ಲ. ಬಂದವರು ಕೈಯಿಂದ ಹಣ ಕೊಟ್ಟು, ಅವನಿಂದ ಬಿಲ್ಲು ಪಡೆದು, ಅದನ್ನು ತಮ್ಮ ಕಂಪನಿಗೆ ಕಳಿಸಿ, ಅದು ಮನಸ್ಸು ಮಾಡಿ ಒಂದು ಪಾಲನ್ನು ಚೆಕ್ಕಿನಲ್ಲಿ ವಾಪಸ್ ಕೊಡುವ ತನಕ ಕಾಯಬೇಕು. ಅವನ ಗೋಡೆಯ ಮೇಲೆ ಕಟ್ಟುಹಾಕಿಸಿದ ಒಂದು ಸೂಚನೆಯಿದೆ: "ಚೆಕ್ಕು ಹಾಗೂ ವಿವರದ ಪತ್ರ ಹೋಗುವುದು ಚಿಕಿತ್ಸೆ ಪಡೆದವರ ಮನೆಗಲ್ಲ, ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಎಚ್ಚರವಿರಲಿ." ಗಂಡನಿಗೆ ಹೇಳದೆ ಬರುವ ಹೆಂಡತಿಯರು, ಅಪ್ಪನಿಗೆ ಹೇಳದೆ ಬರುವ ಮಕ್ಕಳು, ಹೀಗೆ ಆ ಸೂಚನೆ ಉಳಿಸಿದ ಸಂಸಾರಗಳು ನಾಲ್ಕು ಸಾವಿರವಾದರೂ ಇದ್ದಾವು.

ಮಿಲ್ಟನ್ ಪ್ರತಿ ಗುರುವಾರ ತಾನೂ ಒಬ್ಬರ ಮುಂದೆ ಹೋಗಿ ಕೂರುತ್ತಿದ್ದ. ಅವರು ಡಾಕ್ಟರ್ ಫೆನ್ವಿಕ್. ಅವರೂ ಯಾವ ಪಟ್ಟಿಯಲ್ಲೂ ಇಲ್ಲದವರು. ಅಲ್ಲಿ ಐವತ್ತು ನಿಮಿಷವೂ ಒಂದೇ ವಿಷಯ: ಕೊರಿನ್. ಹೋದ ವರ್ಷದ ವಸಂತದಲ್ಲಿ ಎರಡು ಪೆಟ್ಟಿಗೆ ಹಿಡಿದು ಹೊರಟ ಅವನ ಹೆಂಡತಿ ನದಿಯಾಚೆ ಮನೆ ಮಾಡಿದ್ದಳು. ವಿಚ್ಛೇದನ ಆಗಿರಲಿಲ್ಲ. ಅವಳು ಫೋನು ಮಾಡಿದಾಗಲೆಲ್ಲ ಮಿಲ್ಟನ್, "ನಾನಾ? ಭರ್ಜರಿಯಾಗಿದೀನಿ. ದೋಣಿ ನಡೆಸ್ತೀನಿ, ಬ್ಯಾಂಜೊ ಬಾರಿಸೋದು ಕಲೀತಿದೀನಿ," ಎನ್ನುತ್ತಿದ್ದ. ಫೋನಿಟ್ಟ ಮೇಲೆ ಹಾಸಿಗೆಯಲ್ಲಿ ಅವಳು ಮಲಗುತ್ತಿದ್ದ ಕಡೆಯ ಹೊದಿಕೆಯನ್ನು ಸರಿಮಾಡುತ್ತಿದ್ದ, ಮಗ್ಗುಲು ಬದಲಿಸಿದವರು ಯಾರೂ ಇಲ್ಲದಿದ್ದರೂ.

ತೊಂದರೆ ಶುರುವಾದದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಡಾಕ್ಟರ್ ಫೆನ್ವಿಕ್ ಕೊಟ್ಟ ಎಂಟು ತಿಂಗಳ ಬಿಲ್ಲು ಕಳಿಸಿದ್ದರೂ ಒಂದೇ ಒಂದು ಚೆಕ್ಕು ಬಂದಿರಲಿಲ್ಲ. ಮಿಲ್ಟನ್ ಕಂಪನಿಗೆ ಫೋನು ಹಚ್ಚಿದ. ಕಾಯಿಸುವ ಸಂಗೀತ ಮುಗಿಯುವಷ್ಟರಲ್ಲಿ ಅವನ ಗಡ್ಡ ಎರಡಂಗುಲ ಬೆಳೆದಿತ್ತು.

"ನಿಮ್ಮ ಎಂಟೂ ಕ್ಲೇಮು ಪಾಸಾಗಿದೆ ಸಾರ್," ಎಂದಳು ಆ ಕಡೆಯ ಹೆಂಗಸು. "ಎಂಟೂ ಚೆಕ್ಕು ಹೋಗಿದೆ. ಎಂಟೂ ಬ್ಯಾಂಕಿಗೆ ಬಿದ್ದಿದೆ."

"ನನಗೆ ಒಂದೂ ಬಂದಿಲ್ಲವಲ್ಲ ಮೇಡಂ."

"ನಿಮಗ್ಯಾಕೆ ಬರುತ್ತೆ ಸಾರ್? ಪಾಲಿಸಿ ಕೊರಿನ್ ಹ್ರುಸ್ಕ ಅವರ ಆಫೀಸಿಂದು. ಚೆಕ್ಕು, ಕಾಗದ ಎಲ್ಲ ಅವರ ಮನೆಗೇ ಹೋಗೋದು." ಸ್ವಲ್ಪ ತಡೆದು, ಕನಿಕರದಿಂದ ಸೇರಿಸಿದಳು: "ಇದನ್ನ ನಿಮ್ಮ ಡಾಕ್ಟರು ಮೊದಲೇ ಹೇಳಬೇಕಿತ್ತು ಸಾರ್."

ಮಿಲ್ಟನ್ ಗೋಡೆಯ ಕಡೆ ನೋಡಿದ. ಗೋಡೆ ಅವನ ಕಡೆ ನೋಡಿತು.

ಪಕ್ಕದ ಕೋಣೆಯ ವಿನಿಫ್ರೆಡ್ ಟಲ್ ಗಂಡಹೆಂಡಿರ ಜಗಳ ಬಿಡಿಸುವವಳು. ಮಾತು ಹೊರಗೆ ಕೇಳದಿರಲೆಂದು ಬಾಗಿಲ ಬಳಿ ಸದಾ ಬುಸ್ಸೆನ್ನುವ ಒಂದು ಯಂತ್ರ ಇಟ್ಟಿದ್ದಾಳೆ. ಅದರಿಂದ ಅವಳ ಮಾತು ನಮಗೆ ಕೇಳುವುದಿಲ್ಲ. ನಮ್ಮದೆಲ್ಲ ಅವಳಿಗೆ ಕೇಳುತ್ತದೆ. ಮಿಲ್ಟನ್ ಫೋನಿಡುವಷ್ಟರಲ್ಲಿ ಅವಳು ಅವನ ಬಾಗಿಲಲ್ಲಿದ್ದಳು.

"ಎಂಟು ತಿಂಗಳಿಂದ ಅವಳಿಗೆ ಗೊತ್ತು ವಿನಿ," ಎಂದು ಮಿಲ್ಟನ್ ತಲೆ ಹಿಡಿದುಕೊಂಡ. "ನಾನು ಬ್ಯಾಂಜೊ ಅಂತಿದೀನಿ, ಅಲ್ಲಿ ನೋಡಿದ್ರೆ ಪ್ರತಿ ಗುರುವಾರದ ಲೆಕ್ಕ ಅವಳ ಕೈಯಲ್ಲಿದೆ."

"ಅಯ್ಯೋ ಪೆದ್ದೇ, ಅದನ್ನ ಬಿಡು. ನವೆಂಬರ್‌ನಲ್ಲಿ ಎಲ್ಲರೂ ಪಾಲಿಸಿ ಹೊಸದಾಗಿ ಬರೆಸ್ತಾರೆ, ಅಲ್ವಾ? ಬೇಡದೇ ಇರೋರ ಹೆಸರು ತೆಗೀಬಹುದಿತ್ತು. ಅವಳು ನಿನ್ನದನ್ನ ತೆಗೆದಳಾ?"

"ಇಲ್ಲ."

"ನನ್ನ ಮೊದಲನೇ ಗಂಡ ನವೆಂಬರ್ ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೇ ತೆಗೆದಿದ್ದ. ಇದಕ್ಕಿಂತ ದೊಡ್ಡ ಪ್ರೇಮಪತ್ರ ಈ ದೇಶದಲ್ಲಿ ಯಾರು ಬರೀತಾರೆ ಮಾರಾಯ?"

ಮಿಲ್ಟನ್‌ನ ಎದೆ ಊದಿಕೊಂಡಿತು. ಅವನ ಬಳಿ ಚಿಕಿತ್ಸೆಗೆ ಹನ್ನೊಂದಕ್ಕೆ ಬರುವ ಶ್ರೀಮತಿ ಆಸ್ಗುಡ್ ಆಗಲೇ ಬಂದು ಕೂತಿದ್ದರು. ಬಾಗಿಲ ಬೀಗದ ಮೇಲೆ ನಂಬಿಕೆಯಿಲ್ಲದ ಈ ಎಪ್ಪತ್ತರ ಹೆಂಗಸು ಅವನ ಮುಖ ನೋಡಿ, "ಏನಾಯ್ತಪ್ಪ?" ಎಂದರು. ಅಷ್ಟು ಸಾಕಾಯಿತು. ಮಿಲ್ಟನ್ ಅವರ ಸೋಫಾದಲ್ಲಿ, ಅವರು ಅವನ ಕುರ್ಚಿಯಲ್ಲಿ. ಅವನು ಹೇಳಿದ, ಅವರು ಕಾಗದದ ಕರವಸ್ತ್ರ ಕೊಟ್ಟರು.

"ಇವತ್ತೇ ಹೋಗು. ಬರಿಗೈಲಿ ಹೋಗಬೇಡ," ಎಂದರು ಕೊನೆಗೆ, ಗಡಿಯಾರ ನೋಡುತ್ತ. "ನಮ್ಮ ಸಮಯ ಆಯ್ತು. ಮುಂದಿನ ವಾರ ಇಲ್ಲಿಂದಲೇ ಶುರು ಮಾಡೋಣ." ಹೋಗುವಾಗ ತಮ್ಮ ಬಿಲ್ಲನ್ನು ಮರೆಯದೆ ಕೇಳಿ ಪಡೆದರು.

ಮಧ್ಯಾಹ್ನ ಮಿಲ್ಟನ್ ನನ್ನ ಅಂಗಡಿಗೆ ಇಳಿದು ಬಂದ. ನನ್ನಲ್ಲಿ ಒಗೆಯಲು ಕೊಟ್ಟಿದ್ದ ಅವನ ಕೋಟು ಇನ್ನೂ ಒದ್ದೆಯಿತ್ತು. ಮೂರು ವರ್ಷದಿಂದ ಯಾರೂ ಒಯ್ಯದ ಒಂಟೆ ಬಣ್ಣದ ಕೋಟೊಂದನ್ನು ನಾನು ತೊಡಿಸಿದೆ. ಅದರೊಳಗೆ ಇನ್ನೊಬ್ಬ ಮಿಲ್ಟನ್‌ಗೂ ಅವನ ಸಂಸಾರಕ್ಕೂ ಜಾಗವಿತ್ತು. ಆ ಕೋಟಿನಲ್ಲಿ ಅವನು ಬಸ್ಸು ಹತ್ತಲು ಹೋದರೆ ತೋಳು ಬಾಗಿಲಿಗೆ ಸಿಕ್ಕಿ, ಎರಡು ನಿಲ್ದಾಣ ಬಸ್ಸಿನ ಪಕ್ಕದಲ್ಲೇ ಓಡಿದ. ಕೊನೆಗೆ ಒಳಗೆ ಹತ್ತಿ ಸೀಟಿನ ಮೇಲಿಟ್ಟ ಬಿಸಿ ಪಿರೋಗಿ ಕಡುಬಿನ ಡಬ್ಬಿಯನ್ನು ಪಕ್ಕದವನು ಸೀಟೆಂದು ತಿಳಿದು ಅದರ ಮೇಲೆ ಕೂತ. ಆದರೂ ಮಿಲ್ಟನ್ ನಗುತ್ತಿದ್ದ. ಸೇತುವೆ ದಾಟುವಾಗ ಕೆಳಗಿನ ನೀರು ನೋಡುತ್ತ, ಅವಳ ಎರಡು ಪೆಟ್ಟಿಗೆಗಳಲ್ಲಿ ಭಾರದ್ದನ್ನು ತಾನೇ ಹೊರಬೇಕೆಂದು ಯೋಚಿಸುತ್ತಿದ್ದ.

ಕೊರಿನ್ ಬಾಗಿಲು ತೆರೆದಳು. ಅವನನ್ನು ನೋಡಿದಳು. ನೋಡಿದ ಕೂಡಲೇ ಅವನ ಎದೆಗೊರಗಿ ಗೋಳೋ ಎಂದು ಅತ್ತಳು. ನಮ್ಮೂರಿನ ಮೂರೂ ನದಿಗಳಲ್ಲಿ ದೋಣಿಗಳೆಲ್ಲ ಸಿಳ್ಳೆ ಹಾಕಿದವು, ನಾನೂರ ನಲವತ್ತಾರು ಸೇತುವೆಗಳೂ ಒಂದಡಿ ಮೇಲೆದ್ದು ಕೂತವು, ಅವರಿಬ್ಬರೂ ಕೈ ಕೈ ಹಿಡಿದು—

"ಸಾಕು ನಿಲ್ಸು," ಎಂದಳು ವಿನಿಫ್ರೆಡ್.

ಈ ಕತೆಯನ್ನು ಗಿರಾಕಿಗಳಿಗೆ ಹೇಳುವಾಗ ಅವಳು ತನ್ನ ಲಂಗ ಒಯ್ಯಲು ಬಂದು ಹಿಂದೆಯೇ ನಿಂತಿರುವುದನ್ನು ನಾನು ನೋಡಿರಲಿಲ್ಲ. "ಅವನು ಆವತ್ತು ವಾಪಸ್ ಬಂದು ನನ್ನ ಕೋಣೇಲಿ ಎರಡು ಗಂಟೆ ಕೂತಿದ್ದ. ನಡೆದದ್ದನ್ನ ಹೇಳು, ಇಲ್ಲಾ ನಾನು ಹೇಳ್ತೀನಿ."

ಸರಿ. ಸಿಕ್ಕಿಬಿದ್ದೆ. ಬಾಗಿಲು ತೆರೆದದ್ದಷ್ಟೇ ನಿಜ. ಕೊರಿನ್ ಸೇತುವೆಗಳ ತಪಾಸಣೆ ಮಾಡುವವಳು. ಕೆಲಸದಿಂದ ಆಗಷ್ಟೇ ಬಂದು ಹಳದಿ ಜಾಕೆಟ್ಟಿನಲ್ಲೇ ಇದ್ದಳು. ಅತ್ತಿರಲಿಲ್ಲ.

"ಬಾ," ಎಂದಳು. "ಯಾವತ್ತಾದ್ರೂ ಬರ್ತೀಯ ಅಂತ ಗೊತ್ತಿತ್ತು."

"ಕಾಗದಗಳನ್ನ ಓದಿದ್ಯಾ?"

"ಮೊದಲನೇದು ಓದಿ ಅತ್ತುಬಿಟ್ಟೆ ಮಿಲ್ಟನ್. ನಾಲ್ಕು ಗುರುವಾರ, ತಲಾ ಐವತ್ತು ನಿಮಿಷ. ಬಟ್ಟೆ ತುಂಬಿಕೊಂಡು ಸೇತುವೆ ಅರ್ಧದವರೆಗೂ ಬಂದಿದ್ದೆ."

"ಆಮೇಲೆ?"

"ಹೀಗೆ ಮತ್ತೆ ನಿನ್ನ ಹತ್ತಿರವೇ ವಾಪಸ್ ಬರೋದು ಒಳ್ಳೇದಲ್ಲ ಅನ್ನಿಸ್ತು. ನಾನೂ ಒಬ್ಬ ಡಾಕ್ಟರ್ ಹತ್ತಿರ ಹೋದೆ, ನಿನ್ನನ್ನ ಮರೆಯೋಕೆ. ಒಳ್ಳೆಯವರು. ಆದ್ರೆ ಅವರೂ ಪಟ್ಟಿಯಲ್ಲಿಲ್ಲ, ಕೈಯಿಂದಲೇ ಕೊಡಬೇಕು. ಅಷ್ಟರಲ್ಲಿ ನಿನ್ನ ಚೆಕ್ಕು ಬಂತು. ಅದನ್ನ ಅವರಿಗೇ ಕೊಟ್ಟೆ. ಮುಂದಿನ ತಿಂಗಳೂ ಬಂತು."

"ನವೆಂಬರ್‌ನಲ್ಲಿ ನನ್ನ ಹೆಸರು..."

"ತೆಗೆದಿದ್ರೆ ಚೆಕ್ಕು ನಿಲ್ತಿತ್ತಲ್ಲ."

ಮಿಲ್ಟನ್ ಜಜ್ಜಿಹೋದ ಪಿರೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. "ಗುಣ ಆಯ್ತಾ?" ಎಂದು ಕೇಳಿದ, ತನ್ನಲ್ಲಿಗೆ ಬಂದವರನ್ನು ಕೇಳುವ ದನಿಯಲ್ಲಿ.

"ಬಹಳ ಮಟ್ಟಿಗೆ. ಇನ್ನು ನಾಲ್ಕೈದು ಸಲ ಬಂದ್ರೆ ಸಾಕು ಅಂದಿದಾರೆ. ನಿನಗೆ?"

ಮಿಲ್ಟನ್ ಆ ದೊಡ್ಡ ಕೋಟಿನ ಗುಂಡಿ ಹಾಕಿಕೊಂಡು ಬಸ್ಸಿಗೆ ಹೊರಟ.

ಆಮೇಲೆ ಅವನು ಕಂಪನಿಗೆ ಒಂದು ಫೋನು ಮಾಡಿದ್ದರೆ ಚೆಕ್ಕು ತನಗೇ ಬರುವ ದಾರಿ ಕೇಳಬಹುದಿತ್ತು. ಮಾಡಲಿಲ್ಲ. ಡಾಕ್ಟರ್ ಫೆನ್ವಿಕ್ "ನೀನೀಗ ಸುಧಾರಿಸಿದ್ದೀಯ" ಎಂದರೆ "ಅವಸರ ಬೇಡ" ಎನ್ನುತ್ತಾನೆ, ಗುರುವಾರ ತಪ್ಪಿಸುವುದಿಲ್ಲ. ಮೊದಲು ನಾಲ್ಕು ಗುರುವಾರದ ಬಿಲ್ಲನ್ನು ತಿಂಗಳ ಕೊನೆಗೆ ಒಟ್ಟಿಗೆ ಕಳಿಸುತ್ತಿದ್ದ. ಈಗ ವಾರಕ್ಕೊಂದರಂತೆ ಕಳಿಸುತ್ತಾನೆ. ಹಾಗೆ ಮಾಡಿದರೆ ಅವನ ಹೆಸರಿರುವ ಕಾಗದ ತಿಂಗಳಿಗೆ ನಾಲ್ಕು ಸಲ ಅವಳ ಮನೆಗೆ ಹೋಗುತ್ತದೆ.